ದುಬೈಯ ಮೊದಲ ಮೂರು ತಿಂಗಳ ಲೆಕ್ಕ ಊರಿನವರಿಗೂ ತಿಳಿದಿರಲಿ

ಮಾನ್ಯ ಸಂಪಾದಕರೇ,

ಕೆಲವು ದಿನಗಳ ಹಿಂದೆ ತಮ್ಮ ಪತ್ರಿಕೆಯ ಉದ್ಯೋಗ ಪುಟದಲ್ಲಿ ಕೊಲ್ಲಿ ರಾಷ್ಟ್ರಗಳ ಕೆಲಸಗಳ ಕುರಿತು ಒಂದು ದೀರ್ಘ ಬರಹ ಪ್ರಕಟವಾಗಿತ್ತು. ಯಾವ ಓದಿಗೆ ಯಾವ ಹುದ್ದೆ, ಸಂಬಳ ಎಷ್ಟು ನಿರೀಕ್ಷಿಸಬಹುದು, ಅರ್ಜಿ ಹೇಗೆ ಸಲ್ಲಿಸಬೇಕು ಎಂಬುದೆಲ್ಲವೂ ಅದರಲ್ಲಿತ್ತು. ಆದರೆ ವಿಮಾನ ಇಳಿದ ಮರುದಿನದಿಂದ ಸ್ವಂತ ಹೆಸರಿನ ಬಾಡಿಗೆ ಮನೆಯ ಬೀಗದ ಕೈ ಸಿಗುವವರೆಗಿನ ದಿನಗಳ ಬಗ್ಗೆ ಒಂದು ಸಾಲೂ ಇರಲಿಲ್ಲ. ಆ ದಿನಗಳನ್ನು ಈಚೆಗಷ್ಟೇ ದಾಟಿ ಬಂದವನು ನಾನು. ಹೋಗುವವನಿಗಿಂತಲೂ ಹೆಚ್ಚಾಗಿ ಅವನನ್ನು ಕಳುಹಿಸಿಕೊಡುವ ಮನೆಯವರಿಗೆ ಈ ವಿಷಯಗಳು ಮೊದಲೇ ಗೊತ್ತಿರಬೇಕು ಎಂಬ ಕಾರಣಕ್ಕೆ ಈ ಪತ್ರ ಬರೆಯುತ್ತಿದ್ದೇನೆ. ಸ್ವಲ್ಪ ದೀರ್ಘವಾದರೆ ಕ್ಷಮೆಯಿರಲಿ.

ನಾನು ಬೊಂದೇಲಿನವನು. ಹದಿನಾರು ವರ್ಷ ಮಂಗಳೂರಿನಲ್ಲೇ ಲೆಕ್ಕಪತ್ರದ ಕೆಲಸ ಮಾಡಿ, ನಲವತ್ತರ ಹೊಸ್ತಿಲಲ್ಲಿ ದುಬೈಯ ಒಂದು ಕಟ್ಟಡ ಗುತ್ತಿಗೆ ಸಂಸ್ಥೆಗೆ ಅಕೌಂಟೆಂಟ್ ಆಗಿ ಸೇರಿದೆ. ಈಗ ಮೊದಲ ರಜೆಯಲ್ಲಿ ಊರಿಗೆ ಬಂದಿದ್ದೇನೆ. ದಾರಿಯಲ್ಲಿ ಸಿಕ್ಕವರು ತುಳುವಿನಲ್ಲಿ "ಏಪ ಬತ್ತಿನಿ?" (ಯಾವಾಗ ಬಂದದ್ದು?) ಎಂದು ವಿಚಾರಿಸಿ, ಅದಕ್ಕೆ ಉತ್ತರ ಮುಗಿಯುವ ಮೊದಲೇ "ಏಪ ಪೋಪಿನಿ?" (ಯಾವಾಗ ಹೋಗುವುದು?) ಎನ್ನುತ್ತಾರೆ. ಮೂರನೆಯ ಪ್ರಶ್ನೆ ಸಂಬಳದ್ದು. ಅಲ್ಲಿ ಮನೆ ಹೇಗೆ ಹಿಡಿದೆ, ಮೊದಲ ತಿಂಗಳು ಎಲ್ಲಿ ಮಲಗಿದೆ ಎಂದು ಇದುವರೆಗೆ ಯಾರೂ ಕೇಳಿಲ್ಲ. ಕೇಳದಿರುವುದು ಅವರ ತಪ್ಪಲ್ಲ, ಹೇಳದಿರುವುದು ನಮ್ಮ ತಪ್ಪು ಎಂಬ ಮಾತಿಗೆ ಮುಂದೆ ಬರುತ್ತೇನೆ.

ಹೊರಡುವ ಮೊದಲು ಹೆಂಡತಿಯ ಎಂಟು ಪವನ್ ಚಿನ್ನವನ್ನು ಸೊಸೈಟಿಯಲ್ಲಿ ಅಡವಿಟ್ಟು ಎರಡೂವರೆ ಲಕ್ಷ ರೂಪಾಯಿ ತೆಗೆದಿದ್ದೆ. ಮಗಳ ಶಾಲೆಯ ಶುಲ್ಕ, ಮನೆಯ ಹಂಚು ರಿಪೇರಿ, ನನ್ನ ದಾಖಲೆಪತ್ರಗಳ ಖರ್ಚು ಎಲ್ಲವೂ ಅದರಲ್ಲೇ ಆಗಬೇಕಿತ್ತು. ಮೊದಲ ಸಂಬಳ ಬಂದ ತಿಂಗಳಿನಿಂದಲೇ ಹಣ ಕಟ್ಟುತ್ತಾ ಹೋಗಿ ದೀಪಾವಳಿಯೊಳಗೆ ಚಿನ್ನ ಬಿಡಿಸಿಕೊಳ್ಳಬಹುದು ಎಂಬುದು ನಮ್ಮಿಬ್ಬರ ಲೆಕ್ಕವಾಗಿತ್ತು. ವೃತ್ತಿಯಿಂದ ಲೆಕ್ಕ ಬರೆಯುವವನೇ ಇಷ್ಟು ದೊಡ್ಡ ತಪ್ಪು ಲೆಕ್ಕ ಹಾಕಿದ್ದೆ ಎಂದು ಈಗ ನಗು ಬರುತ್ತದೆ, ಆಗ ಬಂದಿರಲಿಲ್ಲ.

ದುಬೈಯಲ್ಲಿ ಹೊಸಬನ ಪ್ರತಿಯೊಂದು ಕೆಲಸವೂ ಅದಕ್ಕಿಂತ ಹಿಂದಿನ ಇನ್ನೊಂದು ಕೆಲಸಕ್ಕೆ ಗಂಟು ಹಾಕಿಕೊಂಡಿದೆ. ಉದ್ಯೋಗದ ಪ್ರವೇಶ ಪರವಾನಗಿಯ ಮೇಲೆ ಒಳಗೆ ಹೋದವನು ಮೊದಲು ರಕ್ತ ಪರೀಕ್ಷೆ ಮತ್ತು ಎದೆಯ ಎಕ್ಸ್‌ರೇ ಮಾಡಿಸಿಕೊಳ್ಳಬೇಕು, ಬಳಿಕ ಬೆರಳಚ್ಚು ಕೊಡಬೇಕು, ಆಮೇಲೆ ಎಮಿರೇಟ್ಸ್ ಐಡಿ ಕೈಗೆ ಬರುತ್ತದೆ. ಪಾಸ್‌ಪೋರ್ಟ್‌ನಲ್ಲಿ ವೀಸಾ ಚೀಟಿ ಅಂಟಿಸುವ ಪದ್ಧತಿ 2022ರಲ್ಲಿ ನಿಂತ ಮೇಲೆ ಆ ಕಾರ್ಡೇ ವಾಸದ ಪುರಾವೆ. ಅದಿಲ್ಲದೆ ಬ್ಯಾಂಕ್ ಖಾತೆಯಿಲ್ಲ, ಖಾತೆಯಿಲ್ಲದೆ ಚೆಕ್ ಪುಸ್ತಕವಿಲ್ಲ, ಚೆಕ್ ಪುಸ್ತಕವಿಲ್ಲದೆ ಮನೆಯಿಲ್ಲ. ಮನೆಗೂ ಚೆಕ್ ಪುಸ್ತಕಕ್ಕೂ ಏನು ಸಂಬಂಧ ಎಂದು ಇಲ್ಲಿಯವರು ಕೇಳಬಹುದು. ನಮ್ಮಲ್ಲಿ ತಿಂಗಳ ಐದನೇ ತಾರೀಕಿನೊಳಗೆ ಮಾಲೀಕರ ಕೈಗೆ ಬಾಡಿಗೆ ಮುಟ್ಟಿಸಿದರೆ ಆಯಿತು. ಅಲ್ಲಿ ಬಾಡಿಗೆಯ ಮಾತುಕತೆ ನಡೆಯುವುದು ವರ್ಷದ ಮೊತ್ತದಲ್ಲಿ. ಆ ಮೊತ್ತವನ್ನು ಒಂದು, ಎರಡು, ನಾಲ್ಕು ಅಥವಾ ಅದಕ್ಕೂ ಹೆಚ್ಚು ಮುಂದಿನ ದಿನಾಂಕದ ಚೆಕ್ಕುಗಳಾಗಿ ಬರೆದು, ಬೀಗದ ಕೈ ಪಡೆಯುವ ದಿನವೇ ಎಲ್ಲವನ್ನೂ ಒಟ್ಟಿಗೆ ಒಪ್ಪಿಸಬೇಕು. ಚೆಕ್ಕುಗಳು ಕಡಿಮೆಯಾದಷ್ಟೂ ಬಾಡಿಗೆಯಲ್ಲಿ ಚೌಕಾಶಿಗೆ ಅವಕಾಶ ಹೆಚ್ಚು. ಕೈಯಲ್ಲಿ ದುಡ್ಡಿಲ್ಲದವನಿಗೆ ಬಾಡಿಗೆಯೂ ದುಬಾರಿ ಎನ್ನುವುದು ಇದರ ಅರ್ಥ. ಖಾತೆಯಲ್ಲಿ ಹಣವಿಲ್ಲದೆ ಚೆಕ್ ಮರಳಿದರೆ ಜೈಲು ಎಂಬ ಹಳೆಯ ಭಯ 2022ರ ಜನವರಿಯಲ್ಲಿ ಕಾನೂನು ಬದಲಾದ ಮೇಲೆ ಬಹುಮಟ್ಟಿಗೆ ಕಡಿಮೆಯಾಗಿದೆ, ಆದರೆ ಹಾಗೆ ಮರಳಿದ ಚೆಕ್ಕನ್ನು ಹಿಡಿದು ಮಾಲೀಕ ನೇರವಾಗಿ ವಸೂಲಿಗಾಗಿ ನ್ಯಾಯಾಲಯದ ಮೆಟ್ಟಿಲು ಹತ್ತಬಹುದು.

ನನ್ನದೇ ಅಂಕಿಗಳನ್ನು ಇಡುತ್ತೇನೆ. ಅಲ್ ಖುಸೈಸ್‌ನಲ್ಲಿ, ಮೆಟ್ರೊದ ಹಸಿರು ಮಾರ್ಗಕ್ಕೆ ನಡೆದು ಹೋಗುವಷ್ಟು ದೂರದಲ್ಲಿ, ಒಂದು ಮಲಗುವ ಕೋಣೆಯ ಹಳೆಯ ಮನೆ ನನಗೆ ಸಿಕ್ಕಿತು. ವರ್ಷಕ್ಕೆ 48,000 ದಿರ್ಹಮ್, ನಾಲ್ಕು ಚೆಕ್. ಮೊದಲ ಚೆಕ್ 12,000. ಪೀಠೋಪಕರಣವಿಲ್ಲದ ಮನೆಗೆ ವಾಡಿಕೆಯಂತೆ ವರ್ಷದ ಬಾಡಿಗೆಯ ಶೇ. 5ರಷ್ಟು ಠೇವಣಿ, ಅಂದರೆ 2,400. ಮನೆ ತೋರಿಸಿದ ದಲ್ಲಾಳಿಗೆ ಇನ್ನೊಂದು ಶೇ. 5. ನೀರು ಮತ್ತು ವಿದ್ಯುತ್ ಸಂಪರ್ಕಕ್ಕೆ 2,000 ದಿರ್ಹಮ್ ಠೇವಣಿ. ಒಟ್ಟು 18,800. ಒಂದು ದಿರ್ಹಮ್‌ಗೆ 23 ರೂಪಾಯಿ ಹಿಡಿದರೂ ನಾಲ್ಕು ಲಕ್ಷ 32 ಸಾವಿರ ರೂಪಾಯಿ ದಾಟುತ್ತದೆ. ಬಾಡಿಗೆ ಕರಾರನ್ನು ಸರ್ಕಾರದ 'ಇಜಾರಿ' ವ್ಯವಸ್ಥೆಯಲ್ಲಿ ನೋಂದಾಯಿಸುವ ಶುಲ್ಕ, ಒಂದು ಮಂಚ, ಒಂದು ಗ್ಯಾಸ್ ಒಲೆ, ಒಂದು ಹಳೆಯ ಫ್ರಿಜ್ ಇವು ಯಾವುದೂ ಈ ಲೆಕ್ಕದಲ್ಲಿ ಸೇರಿಲ್ಲ. ಮೊದಲ ತಿಂಗಳ ವಿದ್ಯುತ್ ಬಿಲ್ಲಿನಲ್ಲಿ 'ಹೌಸಿಂಗ್ ಫೀ' ಎಂಬ 200 ದಿರ್ಹಮ್‌ನ ಸಾಲು ನೋಡಿ ಏನೋ ತಪ್ಪಾಗಿದೆ ಎಂದುಕೊಂಡು ಕಚೇರಿಯಲ್ಲಿ ವಿಚಾರಿಸಿದೆ. ತಪ್ಪೇನೂ ಆಗಿರಲಿಲ್ಲ. ವರ್ಷದ ಬಾಡಿಗೆಯ ಶೇ. 5ರಷ್ಟನ್ನು ನಗರಾಡಳಿತವು ಬಾಡಿಗೆದಾರನಿಂದ ಹನ್ನೆರಡು ಕಂತುಗಳಲ್ಲಿ ಇದೇ ಬಿಲ್ಲಿನ ಮೂಲಕ ಪಡೆಯುತ್ತದೆ ಎಂದು ಪಕ್ಕದ ಮೇಜಿನ ಮಲಯಾಳಿ ಸಹೋದ್ಯೋಗಿ ತಿಳಿಸಿಕೊಟ್ಟರು. (ದುಬೈಗೆ ಹೋದರೆ ಅರೇಬಿಕ್ ಕಲಿಯಬೇಕಾಗುತ್ತದೆ ಎಂದುಕೊಂಡಿದ್ದ ನಾನು ಕಲಿತದ್ದು ಮಲಯಾಳ.)

ಮನೆ ಸಿಗುವವರೆಗೆ ಎಲ್ಲಿದ್ದೆ ಎಂದರೆ, ಮೊದಲ ಹದಿನೈದು ದಿನ ಸಂಸ್ಥೆ ಕೊಟ್ಟ ಕೋಣೆಯಲ್ಲಿ, ಆಮೇಲೆ ಎರಡು ತಿಂಗಳಿಗೂ ಹೆಚ್ಚು ಕಾಲ ಕರಾಮದ ಒಂದು 'ಬೆಡ್ ಸ್ಪೇಸ್'ನಲ್ಲಿ. ಕೊಲ್ಲಿಗೆ ಹೋದ ಯಾರಿಗೂ ಈ ಪದವನ್ನು ವಿವರಿಸಬೇಕಾಗಿಲ್ಲ. ಊರಿನವರಿಗಾಗಿ ಹೇಳುವುದಾದರೆ, ಬಾಡಿಗೆಗೆ ಸಿಗುವುದು ಮನೆಯೂ ಅಲ್ಲ, ಕೋಣೆಯೂ ಅಲ್ಲ, ಒಂದು ಮಂಚ. ನಮ್ಮ ಕೋಣೆಯಲ್ಲಿ ಮೂರು ಅಟ್ಟದ ಮಂಚಗಳಲ್ಲಿ ಆರು ಜನ. ನನ್ನದು ಕಿಟಕಿಯ ಪಕ್ಕದ ಮೇಲಿನ ಮಂಚ. ಎದ್ದು ಕುಳಿತರೆ ತಲೆ ಏಸಿಯ ಗಾಳಿಗೆ ನೇರ ಸಿಗುತ್ತಿತ್ತು. ಜೂನ್ ತಿಂಗಳು. ಬಜ್ಪೆಯಲ್ಲಿ ಸುರಿಯುವ ಮಳೆಯಲ್ಲಿ ವಿಮಾನ ಹತ್ತಿದವನು ನಾಲ್ಕು ಗಂಟೆಯೊಳಗೆ ಕುಲುಮೆಯ ಎದುರು ಇಳಿದಂತಾಗಿತ್ತು. ಕಿಟಕಿ ತೆರೆಯುವಂತಿರಲಿಲ್ಲ, ಏಸಿಯ ಗುರುಗುಟ್ಟುವಿಕೆ ಬಿಟ್ಟರೆ ರಾತ್ರಿಗೆ ಬೇರೆ ಶಬ್ದವಿರಲಿಲ್ಲ. ಹಂಚಿನ ಮೇಲೆ ಬೀಳುವ ಮಳೆಯ ಸದ್ದಿಗೆ ಮಲಗಿ ಅಭ್ಯಾಸವಾದ ನನಗೆ ಮೊದಲ ವಾರ ನಿದ್ದೆ ಹತ್ತಲಿಲ್ಲ. ನಮ್ಮ ಸಂಸ್ಥೆಯ ಕಾರ್ಮಿಕರಿಗೆ ಜೂನ್ 15ರಿಂದ ಸೆಪ್ಟೆಂಬರ್ 15ರವರೆಗೆ ಮಧ್ಯಾಹ್ನ 12.30ರಿಂದ 3 ಗಂಟೆವರೆಗೆ ಬಿಸಿಲಿನಲ್ಲಿ ಕೆಲಸ ಮಾಡಿಸಬಾರದೆಂಬ ಸರ್ಕಾರದ ನಿಯಮವಿದೆ. ಆ ಹೊತ್ತಿನಲ್ಲಿ ಅರ್ಧ ಕಟ್ಟಿದ ಕಟ್ಟಡದ ನೆರಳಿನಲ್ಲಿ ಸಾಲಾಗಿ ಮಲಗಿರುತ್ತಿದ್ದ ಅವರನ್ನು ನೋಡಿದ ಮೇಲೆ ಏಸಿಯ ಬಗ್ಗೆ ದೂರುವುದನ್ನು ಬಿಟ್ಟೆ.

ಇಷ್ಟೆಲ್ಲ ನಡೆಯುತ್ತಿದ್ದಾಗ ಮನೆಯವರಿಗೆ ನಾನು ಹೇಳುತ್ತಿದ್ದುದು "ಎಲ್ಲ ಆರಾಮ" ಎಂಬ ಎರಡೇ ಪದ. ಎರಡನೆಯ ವಾರ 828 ಮೀಟರ್ ಎತ್ತರದ ಬುರ್ಜ್ ಖಲೀಫಾದ ಎದುರು ನಿಂತು ತೆಗೆಸಿಕೊಂಡ ಫೋಟೊವನ್ನು ಕುಟುಂಬದ ಗುಂಪಿಗೆ ಕಳುಹಿಸಿದ್ದೆ, ಮಲಗುತ್ತಿದ್ದ ಮಂಚದ ಫೋಟೊ ಕಳುಹಿಸಿರಲಿಲ್ಲ. ಆ ಫೋಟೊ ನೋಡಿದ ನಾಲ್ಕನೆಯ ದಿನ ಭಾವ ಸಾಲ ಕೇಳಿದರು. ಇಲ್ಲ ಎಂದಾಗ ಅವರಿಗೆ ಬೇಸರವಾಯಿತು. ಅವರನ್ನು ದೂರುವಂತಿಲ್ಲ, ಬುರ್ಜ್ ಖಲೀಫಾದ ಎದುರು ನಗುತ್ತ ನಿಂತವನ ಕಿಸೆಯಲ್ಲಿ ತಿಂಗಳ ಕೊನೆಗೆ ಎಷ್ಟು ಉಳಿದಿದೆ ಎಂದು ಅವರಿಗೆ ಹೇಗೆ ತಿಳಿಯಬೇಕು? ಹೆಂಡತಿ ಮಾತ್ರ ಎರಡು ತಿಂಗಳು ಹಣ ಬಾರದಿದ್ದಾಗ ಏನೂ ಕೇಳದೆ ತನ್ನ ತಾಯಿಯಿಂದ ತಂದು ಚಿನ್ನದ ಬಡ್ಡಿ ಕಟ್ಟಿದ್ದಳು. ನನಗದು ಗೊತ್ತಾದದ್ದು ಈ ರಜೆಯಲ್ಲಿ.

ಸಣ್ಣ ವಿಷಯಗಳೂ ಮನೆಯವರಿಗೆ ಗೊತ್ತಿಲ್ಲದಿದ್ದರೆ ಹೇಗೆ ದೊಡ್ಡದಾಗುತ್ತವೆ ಎನ್ನುವುದಕ್ಕೆ ವಿಳಾಸದ ಪ್ರಸಂಗವೊಂದಿದೆ. ಅಮ್ಮ ಹಪ್ಪಳ ಕಳುಹಿಸಲು ವಿಳಾಸ ಕೇಳಿದರು. ನಮ್ಮ ಮನೆಯ ವಿಳಾಸ ದೈವಸ್ಥಾನದ ಹಿಂದೆ, ಅಶ್ವತ್ಥ ಕಟ್ಟೆಯ ಬಲಕ್ಕೆ ಎಂದಿದ್ದರೂ ಪೋಸ್ಟ್‌ಮ್ಯಾನ್ ತಪ್ಪದೆ ಬರುತ್ತಾರೆ. ದುಬೈಯಲ್ಲಿ ಸಾಮಾನ್ಯ ಟಪಾಲು ಮನೆ ಬಾಗಿಲಿಗೆ ಬರುವ ಪದ್ಧತಿಯಿಲ್ಲ, ಬರುವುದು ಸಂಸ್ಥೆಯ ಅಂಚೆ ಪೆಟ್ಟಿಗೆಗೆ. ಕಟ್ಟಡವನ್ನು ಹುಡುಕಲು 'ಮಕಾನಿ' ಎಂಬ ಹತ್ತು ಅಂಕಿಗಳ ಸಂಖ್ಯೆಯನ್ನು ಪ್ರತಿ ಕಟ್ಟಡದ ಪ್ರವೇಶದಲ್ಲಿ ಅಂಟಿಸಿರುತ್ತಾರೆ. ನಾನು ಒಮ್ಮೆ ಕಚೇರಿಯ ಪೆಟ್ಟಿಗೆ ಸಂಖ್ಯೆಯನ್ನೂ ಇನ್ನೊಮ್ಮೆ ಈ ಹತ್ತು ಅಂಕಿಗಳನ್ನೂ ಹೇಳಿದ್ದರಿಂದ, ಮಗ ಇರುವ ಜಾಗವನ್ನು ಮುಚ್ಚಿಡುತ್ತಿದ್ದಾನೆ ಎಂದು ಅಮ್ಮನಿಗೆ ಸಂಶಯ ಬಂದಿತು. ಅದರ ಮೇಲೆ ಅಲ್ಲಿ ವಾಟ್ಸಾಪ್‌ನಲ್ಲಿ ಸಂದೇಶ ಹೋಗುತ್ತದೆಯೇ ಹೊರತು ಕರೆ ಹೋಗುವುದಿಲ್ಲ. ಬೇರೆ ಅನುಮತಿ ಪಡೆದ ಆ್ಯಪ್ ಹಾಕಿಕೊಳ್ಳಬೇಕು, ಅದು ಅಮ್ಮನ ಫೋನ್‌ನಲ್ಲಿಯೂ ಇರಬೇಕು. ಇದನ್ನು ಹೊರಡುವ ಮೊದಲೇ ತಿಳಿದಿದ್ದರೆ ಐದು ನಿಮಿಷದ ಕೆಲಸ. ತಿಳಿಯದ್ದರಿಂದ ಹನ್ನೊಂದು ದಿನ ನನ್ನ ಧ್ವನಿ ಕೇಳದೆ ಅಮ್ಮ ಕದ್ರಿಗೆ ಹರಕೆ ಹೇಳಿಕೊಂಡಿದ್ದರು.

ಗಸಗಸೆಯ ವಿಷಯವನ್ನಂತೂ ಎಲ್ಲ ತಾಯಂದಿರಿಗೂ ತಿಳಿಸಬೇಕು. ಬಜ್ಪೆ ನಿಲ್ದಾಣದ ಹೊರಗೆ ಸಾಮಾನಿನ ಗಾಡಿ ಹಿಡಿದು ಸಾಲಿನಲ್ಲಿ ನಿಂತಿದ್ದಾಗ, ಶಾರ್ಜಾದಲ್ಲಿ ಇಪ್ಪತ್ತು ವರ್ಷ ಕಳೆದ ಹಿರಿಯರೊಬ್ಬರು ನನ್ನ ಕೈಚೀಲದ ಬಾಯಿಂದ ಇಣುಕುತ್ತಿದ್ದ ಮಸಾಲೆ ಪೊಟ್ಟಣಗಳನ್ನು ನೋಡಿ, "ಇದರಲ್ಲಿ ಗಸಗಸೆ ಉಂಟಾ?" ಎಂದು ಕೇಳಿದರು. ಉಂಟು, ಹಬ್ಬಕ್ಕೆ ಪಾಯಸ ಮಾಡಿಕೊಳ್ಳಲೆಂದು ಅಮ್ಮ ಕಾಲು ಕಿಲೋ ಪ್ರತ್ಯೇಕವಾಗಿ ಕಟ್ಟಿಕೊಟ್ಟಿದ್ದರು. ಗಸಗಸೆ ಅಫೀಮು ಗಿಡದ ಬೀಜವಾದ್ದರಿಂದ ದುಬೈ ಸೇರಿರುವ ಯುಎಇ ದೇಶದಲ್ಲಿ ಅದು ನಿಷಿದ್ಧ ವಸ್ತು, ಸಿಕ್ಕಿಬಿದ್ದರೆ ಜೈಲೂ ಆಗಬಹುದು ಎಂದು ಹೇಳಿ, ಪೊಟ್ಟಣವನ್ನು ತೆಗೆಸಿ ತಮ್ಮನ ಕೈಗೆ ಕೊಡಿಸಿದರು. ಬಳಿಕ ಕೋರಿ ಗಸಿಯ (ಕೋಳಿ ಸಾರಿನ) ಮಸಾಲೆ ಪುಡಿಗೂ ಗಸಗಸೆ ಹಾಕಿದ್ದಾರೆಯೇ ಎಂದು ಕೇಳಿದರು. ಅಮ್ಮನಿಗೆ ಫೋನ್ ಮಾಡಿದೆವು, ಹಾಕಿದ್ದರು. ಅದನ್ನೂ ತೆಗೆದೆವು. "ಪಾಯಸದ ಸಾಮಾನಿಗೂ ಕೇಸು ಹಾಕುವ ಊರಾ ಅದು?" ಎಂದು ಅಮ್ಮ ಆ ಕಡೆಯಿಂದ ಕೇಳುತ್ತಲೇ ಇದ್ದರು. ಆ ಹಿರಿಯರು ಅಂದು ಆ ಸಾಲಿನಲ್ಲಿ ಇಲ್ಲದಿರುತ್ತಿದ್ದರೆ ಏನಾಗುತ್ತಿತ್ತು ಎಂದು ಯೋಚಿಸಲು ಈಗಲೂ ಮನಸ್ಸಾಗುವುದಿಲ್ಲ. ಕೊಡೀನ್, ಟ್ರಮಡಾಲ್‌ನಂತಹ ಅಂಶಗಳಿರುವ ಕೆಮ್ಮು, ನೋವಿನ ಔಷಧಿಗಳಿಗೂ ಇಂಥದೇ ನಿರ್ಬಂಧವಿದೆ. ಡಾಕ್ಟರರ ಚೀಟಿಯ ಜೊತೆಗೆ ಮುಂಗಡ ಅನುಮತಿಯೂ ಬೇಕಾಗುತ್ತದೆ.

ರಸ್ತೆ ದಾಟಿದ್ದಕ್ಕೆ ಕೊಟ್ಟ ದಂಡವನ್ನು ಒಂದೇ ಮಾತಿನಲ್ಲಿ ಹೇಳಿಬಿಡುತ್ತೇನೆ: ಹಂಪನಕಟ್ಟೆಯಲ್ಲಿ ಕೈ ತೋರಿಸಿ ಬಸ್ಸು ನಿಲ್ಲಿಸಿ ದಾಟಿದ ಅಭ್ಯಾಸಕ್ಕೆ ಅಲ್ಲಿ 400 ದಿರ್ಹಮ್ ತೆತ್ತೆ.

ಕುಟುಂಬವನ್ನು ಕರೆಸಿಕೊಳ್ಳುವ ಹಂತದಲ್ಲಿ ಎದುರಾದ ತೊಡಕು ನಮ್ಮ ಜಿಲ್ಲೆಯ ಬಹಳಷ್ಟು ಮನೆಗಳದ್ದೂ ಆಗಿರಬಹುದು. ತಿಂಗಳಿಗೆ 4,000 ದಿರ್ಹಮ್ ಸಂಬಳ, ಅಥವಾ 3,000 ದಿರ್ಹಮ್ ಜೊತೆಗೆ ವಸತಿ ಇದ್ದವನು ಹೆಂಡತಿ ಮಕ್ಕಳ ವೀಸಾಕ್ಕೆ ಅರ್ಜಿ ಹಾಕಬಹುದು. ಅದಕ್ಕೆ ದೃಢೀಕರಿಸಿದ ವಿವಾಹ ಪ್ರಮಾಣಪತ್ರ ಬೇಕು. ನಮ್ಮ ಮದುವೆ ದೇವಸ್ಥಾನದ ಸಭಾಂಗಣದಲ್ಲಿ ಎಂಟುನೂರು ಜನರ ಎದುರು ನಡೆದಿತ್ತು, ಆದರೆ ಉಪನೋಂದಣಿ ಕಚೇರಿಯಲ್ಲಿ ನೋಂದಣಿಯಾಗಿರಲಿಲ್ಲ. ಹದಿಮೂರು ವರ್ಷಗಳ ಬಳಿಕ, ನಾನು ಅಲ್ಲಿ, ಅವಳು ಇಲ್ಲಿ. ಆ ಒಂದು ಸಹಿಗೆ ಈ ರಜೆಯವರೆಗೆ ಕಾಯಬೇಕಾಯಿತು. ಇನ್ನು ಆ ಪತ್ರ ರಾಜ್ಯ ಸರ್ಕಾರ, ದಿಲ್ಲಿಯ ವಿದೇಶಾಂಗ ಸಚಿವಾಲಯ, ಯುಎಇ ರಾಯಭಾರ ಕಚೇರಿ, ಕೊನೆಗೆ ಅಲ್ಲಿಯ ವಿದೇಶಾಂಗ ಸಚಿವಾಲಯ ಹೀಗೆ ನಾಲ್ಕು ಮುದ್ರೆಗಳನ್ನು ಹಾಕಿಸಿಕೊಳ್ಳಬೇಕು. ಒಂದು ದೇಶದ ಒಂದೇ ಮುದ್ರೆಯನ್ನು ಉಳಿದ ಸದಸ್ಯ ದೇಶಗಳೂ ಒಪ್ಪಿಕೊಳ್ಳುವ, ಭಾರತ ಸೇರಿರುವ ಅಪೊಸ್ಟಿಲ್ ಒಪ್ಪಂದಕ್ಕೆ ಯುಎಇ ಸೇರದ ಕಾರಣ ಒಂದೇ ಮುದ್ರೆಯಲ್ಲಿ ಕೆಲಸ ಮುಗಿಯುವುದಿಲ್ಲ. ಪದವಿ ಪ್ರಮಾಣಪತ್ರದ್ದೂ ಇದೇ ದಾರಿ. ಅಮ್ಮನ ಪಾಸ್‌ಪೋರ್ಟ್‌ನಲ್ಲಿ ಇನ್ನೊಂದು ಸಮಸ್ಯೆ ಕಾದಿತ್ತು. ಹಳೆಯ ತಲೆಮಾರಿನ ಅನೇಕರಂತೆ ಅವರಿಗೆ ಒಂದೇ ಹೆಸರು, ಉಪನಾಮದ ಜಾಗ ಖಾಲಿ. 2022ರ ನವೆಂಬರ್‌ನಿಂದ ಯುಎಇಯ ಭೇಟಿ ವೀಸಾಗಳಲ್ಲಿ ಒಂದೇ ಹೆಸರಿನ ಪಾಸ್‌ಪೋರ್ಟ್‌ಗಳಿಗೆ ತಡೆಯಿದೆ ಎಂದು ನಮಗೆ ಗೊತ್ತಾದದ್ದು ಅರ್ಜಿ ಹಾಕಲು ಹೊರಟ ಮೇಲೆ.

ನನ್ನದು ಕಚೇರಿ ಕೆಲಸ, ಸಂಸ್ಥೆಯೂ ನೇರವಾಗಿ ನೇಮಿಸಿಕೊಂಡದ್ದು; ಆದ್ದರಿಂದ ನನ್ನ ಕಷ್ಟಗಳು ಕಷ್ಟಗಳೇ ಅಲ್ಲ ಎಂದು ಅನ್ನಿಸುವಂತೆ ಮಾಡಿದವನು ಕರಾಮದ ಕೋಣೆಯಲ್ಲಿ ನನ್ನ ಕೆಳಗಿನ ಮಂಚದಲ್ಲಿದ್ದ ಕಾರ್ಕಳ ಕಡೆಯ ಹುಡುಗ. ಏಜೆಂಟ್ ಒಬ್ಬರಿಗೆ ಒಂದೂವರೆ ಲಕ್ಷ ಕೊಟ್ಟು, ರಸೀದಿಯಿಲ್ಲದೆ, ಕೇವಲ ಭೇಟಿ ವೀಸಾದಲ್ಲಿ ಬಂದಿದ್ದ; ಕೆಲಸದ ವೀಸಾ ಅಲ್ಲಿಗೆ ಹೋದ ಮೇಲೆ ಆಗುತ್ತದೆ ಎಂದು ಅವನಿಗೆ ಹೇಳಲಾಗಿತ್ತು. ನಮ್ಮ ದೇಶದಲ್ಲಿ 1983ರ ವಲಸೆ ಕಾಯ್ದೆಯಡಿ ನೋಂದಾಯಿತ ಏಜೆಂಟರು ಮಾತ್ರ ವಿದೇಶಿ ಕೆಲಸಕ್ಕೆ ಜನರನ್ನು ಕಳುಹಿಸಬಹುದು, ಅವರು ಪಡೆಯಬಹುದಾದ ಸೇವಾ ಶುಲ್ಕಕ್ಕೆ 30,000 ರೂಪಾಯಿ ಮತ್ತು ಜಿಎಸ್‌ಟಿಯ ಮಿತಿಯಿದೆ, ಅವರ ಪಟ್ಟಿ ಸರ್ಕಾರದ ಇ-ಮೈಗ್ರೇಟ್ ಜಾಲತಾಣದಲ್ಲಿದೆ. ಯುಎಇಯ ಕಾರ್ಮಿಕ ಕಾನೂನಿನಲ್ಲೂ ನೇಮಕಾತಿಯ ಖರ್ಚನ್ನು ನೌಕರನಿಂದ ವಸೂಲು ಮಾಡುವಂತಿಲ್ಲ. ಹತ್ತನೇ ತರಗತಿ ಪಾಸಾಗದವರಿಗೆ ವಲಸೆ ಅನುಮತಿ ಕಡ್ಡಾಯವಾಗಿರುವುದು ಅವರನ್ನು ತಡೆಯಲಿಕ್ಕಲ್ಲ, ಇಂಥ ವಂಚನೆಯಿಂದ ಕಾಪಾಡಲಿಕ್ಕೆ. ಆ ಅನುಮತಿಯ ಜೊತೆ ಬರುವ ಪ್ರವಾಸಿ ಭಾರತೀಯ ಬಿಮಾ ಯೋಜನೆಯಲ್ಲಿ ಎರಡು ವರ್ಷಕ್ಕೆ 275 ರೂಪಾಯಿ ಕಟ್ಟಿದರೆ ಹತ್ತು ಲಕ್ಷದ ವಿಮೆಯಿದೆ. ಇದ್ಯಾವುದೂ ಆ ಹುಡುಗನ ಮನೆಯವರಿಗೆ ಗೊತ್ತಿರಲಿಲ್ಲ. ಭೇಟಿ ವೀಸಾದ ಅವಧಿ ಮುಗಿಯುವ ಎರಡು ದಿನ ಮೊದಲು ಕೋಣೆಯವರೆಲ್ಲ ಸೇರಿ ಟಿಕೆಟಿಗೆ ಹಣ ಹೊಂದಿಸಿ ಅವನನ್ನು ಊರಿಗೆ ಕಳುಹಿಸಿದೆವು.

ಮಂಗಳೂರಿನಿಂದ ದುಬೈಗೆ ನೇರ ವಿಮಾನ ಶುರುವಾದದ್ದು 2006ರಲ್ಲಿ. ಅದಕ್ಕೂ ಬಹಳ ಮೊದಲು ಮುಂಬಯಿಯ ಮೂಲಕ ಹೋದವರು ನಮ್ಮಲ್ಲಿ ಎಷ್ಟೋ ಮಂದಿ. ಎರಡು ಮೂರು ತಲೆಮಾರಿನ ಇಷ್ಟು ಅನುಭವ ಕರಾವಳಿಯಲ್ಲಿದ್ದೂ, ಹೊಸದಾಗಿ ಹೊರಡುವವನು ಪ್ರತಿ ಸಲವೂ ಅ ಆ ಇ ಈಯಿಂದ ಕಲಿಯಬೇಕಾಗಿದೆ. ನಾವು ಊರಿಗೆ ಬಂದಾಗ ಚಾಕಲೇಟ್, ಅತ್ತರು, ಖರ್ಜೂರದ ಜೊತೆಗೆ ಕಷ್ಟದ ಮಾತನ್ನು ತರುವುದಿಲ್ಲ. ಹೇಳಿದರೆ ಮರ್ಯಾದೆ ಹೋಗುತ್ತದೆ ಎಂಬ ಅಂಜಿಕೆ ಒಂದು, ಮನೆಯವರು ನೊಂದುಕೊಳ್ಳುತ್ತಾರೆ ಎಂಬ ಕಾಳಜಿ ಇನ್ನೊಂದು. ನನಗೆ ಎರಡೂ ಇದ್ದವು.

ಈ ಹಿನ್ನೆಲೆಯಲ್ಲಿ ನನ್ನ ವಿನಂತಿ ಹೀಗಿದೆ. ವಿದೇಶಾಂಗ ಸಚಿವಾಲಯದ ನಿರ್ಗಮನ ಪೂರ್ವ ತರಬೇತಿ ಮುಖ್ಯವಾಗಿ ವಲಸೆ ಅನುಮತಿ ಬೇಕಾದ ಕಾರ್ಮಿಕರಿಗಾಗಿ ಇರುವುದರಿಂದ, ಪದವಿ ಓದಿ ಹೋಗುವ ನನ್ನಂಥವರು ಅದರ ಹತ್ತಿರಕ್ಕೂ ಸುಳಿಯುವುದಿಲ್ಲ. ಕರ್ನಾಟಕದ ಅನಿವಾಸಿ ಭಾರತೀಯ ಸಮಿತಿಯು ಮಂಗಳೂರು ಮತ್ತು ಉಡುಪಿಯಲ್ಲಿ ತಿಂಗಳಿಗೊಮ್ಮೆ, ರಜೆಯಲ್ಲಿ ಬಂದವರನ್ನೇ ಕೂರಿಸಿ, ಹೊರಡುವವರಿಗೂ ಅವರ ಮನೆಯವರಿಗೂ ಒಂದು ಮಧ್ಯಾಹ್ನದ ಮಾತುಕತೆ ಏರ್ಪಡಿಸಬಹುದು. ಅದಕ್ಕೆ ದೊಡ್ಡ ಸಭಾಂಗಣ ಬೇಡ, ಹಾರ ತುರಾಯಿಯೂ ಬೇಡ. ತಮ್ಮ ಪತ್ರಿಕೆಯು ಉದ್ಯೋಗ ಪುಟದ ಮೂಲೆಯಲ್ಲಿ ವಾರಕ್ಕೊಂದು ಅಂಕಣ ಕೊಟ್ಟರೆ ಈ ವಾರ ದುಬೈಯ ಬಾಡಿಗೆ, ಮುಂದಿನ ವಾರ ದೋಹಾದ್ದು, ಆಮೇಲೆ ಮಸ್ಕತ್‌ನದ್ದು ಎಂದು ಬರೆಯಲು ನನ್ನಂಥವರು ಸಾಕಷ್ಟು ಮಂದಿ ಸಿಗುತ್ತಾರೆ. ಹಣ ಕಳುಹಿಸುವುದು ನಾಲ್ಕನೆಯ ತಿಂಗಳಿನಿಂದ ಎಂದು ಮನೆಯಲ್ಲಿ ಮೊದಲೇ ನಿಶ್ಚಯಿಸಿಕೊಂಡು, ಚಿನ್ನದ ಸಾಲದ ಗಡುವನ್ನೂ ಅದಕ್ಕೆ ತಕ್ಕಂತೆ ಇಟ್ಟುಕೊಳ್ಳುವುದು ಸಾಧ್ಯವಾದರೆ, ಹೋದವನು ಫೋನಿನಲ್ಲಿ ಸುಳ್ಳು ಹೇಳಬೇಕಾದ ಪ್ರಮೇಯ ಬಾರದು.

ನಮ್ಮ ಪಕ್ಕದ ಮನೆಯ ಹುಡುಗ ಬರುವ ವಾರ ಹೊರಡುತ್ತಿದ್ದಾನೆ. ನಿನ್ನೆ ಸಂಜೆ ಅವನ ಮನೆಗೆ ಹೋಗಿ, ಅವನೊಡನೆ ಹೆಚ್ಚು ಮಾತನಾಡದೆ, ಅವನ ತಾಯಿಯ ಎದುರು ಕುಳಿತು ಮೇಲಿನ 18,800ರ ಲೆಕ್ಕವನ್ನು ಕ್ಯಾಲೆಂಡರಿನ ಹಿಂಬದಿಯಲ್ಲಿ ಬರೆದು ತೋರಿಸಿದೆ. ಅವರು ಕನ್ನಡಕ ಹಾಕಿಕೊಂಡು ಎರಡು ಸಲ ಓದಿದರು. ಆಮೇಲೆ ಎದ್ದು ಒಳಗೆ ಹೋಗಿ, ಕಟ್ಟಿಟ್ಟಿದ್ದ ಪೆಟ್ಟಿಗೆಯ ಹಗ್ಗ ಬಿಚ್ಚಿ, ಗಸಗಸೆಯ ಡಬ್ಬವನ್ನು ಹೊರಗೆ ತಂದಿಟ್ಟರು.

ಇತಿ ತಮ್ಮ ವಿಶ್ವಾಸಿ,
ಓರ್ವ ಓದುಗ
ಬೊಂದೇಲ್, ಮಂಗಳೂರು